ಬಚ್ಚಲ ತಗಡು ಮತ್ತು 'ಹಮಾರಾ' ಎಂಬ ಮಾತು

ನಮ್ಮ ಮನೆಯ ಹಿಂದಿನ ಬಚ್ಚಲಿಗೆ ಮೂರು ಕಡೆ ಮರೆ ಇದೆ. ಒಂದು ಕಡೆ ಮಣ್ಣಿನ ಗೋಡೆ, ಇನ್ನೊಂದು ಕಡೆ ತೆಂಗಿನ ಗರಿಯ ತಡಿಕೆ, ಮೂರನೆಯ ಕಡೆ ಒಂದು ತಗಡು. ತಗಡಿನ ಮೇಲೆ ಒಂದು ಸ್ಕೂಟರು. ಸ್ಕೂಟರಿನ ಮೇಲೆ ಗಂಡ, ಹೆಂಡತಿ, ಮುಂದೆ ನಿಂತ ಒಂದು ಮಗು. ಹೆಂಡತಿ ನಗುತ್ತಿದ್ದಾಳೆ, ಮಗು ನಗುತ್ತಿದೆ. ಗಂಡ ನಗುತ್ತಿದ್ದಾನೋ ಇಲ್ಲವೋ ಗೊತ್ತಾಗುವುದಿಲ್ಲ. ಅವನ ಮುಖದ ಜಾಗದಲ್ಲಿ ನಮ್ಮ ತಾತ ಹೊಡೆದ ಮೊಳೆ ಇದೆ. ನಮ್ಮವ್ವ ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಆ ನಗುವಿನ ಮುಂದೆಯೇ ಮೈ ತೊಳೆದುಕೊಂಡು ಬಂದಿದ್ದಾಳೆ. ಆ ಚಿತ್ರದ ಹೆಂಗಸಿಗೆ 'ತಗಡಿನಕ್ಕ' ಅಂತ ಹೆಸರಿಟ್ಟಿದ್ದಾಳೆ.

ಹೋದ ವರ್ಷ ನಮ್ಮ ಕೇರಿಗೆ ಒಬ್ಬರು ಕಾರಿನಲ್ಲಿ ಬಂದರು. ಹಳೇ ಸ್ಕೂಟರುಗಳ ಬೋರ್ಡು, ಕ್ಯಾಲೆಂಡರು, ಕೀಚೈನು, ಕಂಪನಿಯ ಪುಸ್ತಿಕೆ ಇವನ್ನೆಲ್ಲ ಕೂಡಿಹಾಕುವ ಹವ್ಯಾಸ ಅವರದು. ಯಾರೋ ಹೇಳಿದರಂತೆ, ಇಂಥ ಮನೆಯ ಬಚ್ಚಲಲ್ಲಿ ಇಂಥದೊಂದು ತಗಡಿದೆ ಅಂತ. ತಗಡನ್ನು ಸುತ್ತ ನೋಡಿ, ಬೆರಳಲ್ಲಿ ತಟ್ಟಿ, ಮೊಳೆಯ ತೂತನ್ನು ಕಂಡು ತುಂಬ ನೊಂದುಕೊಂಡರು. 'ಇದು ನಮ್ಮೆಲ್ಲರ ನೆನಪು ಕಣ್ರೀ' ಅಂದರು. ಮೂರು ಸಾವಿರ ಕೊಡುತ್ತೇನೆ ಅಂದರು.

ಅವರು ಕೆಟ್ಟವರಲ್ಲ. ಆದರೆ ಆ 'ನಮ್ಮೆಲ್ಲರ' ಎಂಬ ಮಾತು ನಮ್ಮನ್ನು ಆವತ್ತಿನಿಂದ ಬಿಟ್ಟಿಲ್ಲ. ಈ ಲೇಖನ ಆ ಒಂದು ಮಾತಿನ ವಿಮರ್ಶೆ.

ಕವಿತೆ ಕಥೆಗಳನ್ನು ವಿಮರ್ಶೆ ಮಾಡುವ ಪುಟಗಳಲ್ಲಿ ತಗಡಿನ ವಿಮರ್ಶೆ ಯಾಕಪ್ಪಾ ಅಂತ ಗೆಳೆಯರು ಕೇಳಬಹುದು. ನಮ್ಮ ಕೇರಿಗೆ ಮೊದಲು ಬಂದ ಅಚ್ಚಿನ ಅಕ್ಷರ ಕಾವ್ಯವಲ್ಲ. ಬೀಡಿ ಕಟ್ಟಿನ ಮೇಲಿನ ಹೆಸರು, ಬೆಂಕಿಪೊಟ್ಟಣದ ಚಿತ್ರ, ಅಂಗಡಿಯವರು ಕೊಟ್ಟ ಕ್ಯಾಲೆಂಡರು, ಗೋಡೆಗೆ ಹೊಡೆದ ತಗಡು, ಇವೇ ನಮ್ಮ ಮೊದಲ ಪಠ್ಯಪುಸ್ತಕ. ನಾವು ಅಕ್ಷರ ಕೂಡಿಸಿ ಓದಿದ ಮೊದಲ ಪದ ಬಚ್ಚಲ ತಗಡಿನ 'ಸ್ಕೂಟರ್' ಎಂಬ ಪದ. 'ಅ' ಅರಸ ನಮಗೆ ಶಾಲೆಯಲ್ಲಿ ಸಿಕ್ಕಿದ, ಅದಕ್ಕೂ ಮೊದಲು ಬಚ್ಚಲಲ್ಲಿ ಒತ್ತಕ್ಷರ ಸಿಕ್ಕಿತ್ತು. ಓದು ಬಾರದ ತಾತನೂ ಆ ಚಿತ್ರವನ್ನು ಓದಿದ್ದ. ಎಲ್ಲರೂ ಓದುವ ಬರಹವನ್ನು ವಿಮರ್ಶಕರು ಓದದೆ ಬಿಟ್ಟರೆ ನಷ್ಟ ಯಾರಿಗೆ?

ಮೊದಲು ಸ್ಕೂಟರು ಹುಟ್ಟಿದ ಕಡೆ ಹೋಗೋಣ. ಎರಡನೆಯ ಮಹಾಯುದ್ಧದಲ್ಲಿ ಸೋತ ಇಟಲಿ. ಪೊಂಟೆಡೇರಾ ಎಂಬ ಊರಿನಲ್ಲಿ ವಿಮಾನ ಮಾಡುತ್ತಿದ್ದ ಪಿಯಾಜಿಯೋ ಕಾರ್ಖಾನೆ ಬಾಂಬಿಗೆ ಸಿಕ್ಕಿ ನೆಲಕಚ್ಚಿತ್ತು. ರಸ್ತೆಗಳು ಕಿತ್ತುಹೋಗಿದ್ದವು, ಜನರ ಕೈಯಲ್ಲಿ ಕಾಸಿರಲಿಲ್ಲ. ಮಾಲೀಕ ಎನ್ರಿಕೋ ಪಿಯಾಜಿಯೋ ಜನಸಾಮಾನ್ಯರು ಕೊಳ್ಳಬಹುದಾದ ಗಾಡಿಯೊಂದು ಬೇಕೆಂದ. ಹೆಲಿಕಾಪ್ಟರ್ ಎಂಜಿನಿಯರ್ ಆಗಿದ್ದ ಕೊರಾದಿನೋ ದಸ್ಕಾನಿಯೋ ಅದನ್ನು ರೂಪಿಸಿದ. ಮೋಟಾರ್ ಸೈಕಲ್ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಬಟ್ಟೆಗೆ ಎಣ್ಣೆ ಮೆತ್ತುತ್ತದೆ, ಚಕ್ರ ಬಿಚ್ಚುವುದು ಕಷ್ಟ, ಹೆಂಗಸರು ಕಾಲೆತ್ತಿ ಹತ್ತಲಾರರು. ಅದಕ್ಕೇ ಎಂಜಿನ್ನನ್ನು ಹಿಂದೆ ಮುಚ್ಚಿಟ್ಟ, ನಡುವೆ ಕಾಲಿಡಲು ಬಯಲು ಬಿಟ್ಟ, ಮುಂದಿನ ಚಕ್ರವನ್ನು ವಿಮಾನದ ಚಕ್ರದಂತೆ ಒಂದೇ ಕಡೆ ಹಿಡಿದು ನಿಲ್ಲಿಸಿದ. 1946ರಲ್ಲಿ ಬಂದ ಆ ಗಾಡಿಯ ಹೆಸರು ವೆಸ್ಪಾ, ಎಂದರೆ ಕಣಜ. ಮರುವರ್ಷ ಮಿಲಾನಿನ ಇನ್ನೋಚೆಂಟಿ ಕಂಪನಿಯ ಲ್ಯಾಂಬ್ರೆಟ್ಟಾ ಬಂತು. 1956ರ ಹೊತ್ತಿಗೆ ವೆಸ್ಪಾಗಳ ಲೆಕ್ಕ ಹತ್ತು ಲಕ್ಷ ಮುಟ್ಟಿತು.

ಇಷ್ಟು ಹೇಳಿದ್ದು ಗಾಡಿಯನ್ನು ಹೊಗಳಬೇಕೆಂದಲ್ಲ, ಅದರ ಜಾಹೀರಾತು ಎಲ್ಲಿ ದಾರಿ ಬದಲಿಸಿತು ಅಂತ ತೋರಿಸುವುದಕ್ಕೆ. ಬಡವರ ಅಗತ್ಯದಿಂದ ಹುಟ್ಟಿದ ಗಾಡಿ ಬಲುಬೇಗ ಸುಖದ ಚಿತ್ರವಾಯಿತು. 1953ರ 'ರೋಮನ್ ಹಾಲಿಡೇ' ಸಿನಿಮಾದಲ್ಲಿ ರಾಜಕುಮಾರಿಯ ಪಾತ್ರದ ಆಡ್ರಿ ಹೆಪ್‌ಬರ್ನ್ ರೋಮಿನ ಬೀದಿಗಳಲ್ಲಿ ವೆಸ್ಪಾ ಏರಿದಳು. ಕಾಸು ಕೊಟ್ಟು ಮಾಡಿಸಿದ ಯಾವ ಜಾಹೀರಾತೂ ಮಾಡದ ಕೆಲಸವನ್ನು ಆ ದೃಶ್ಯ ಮಾಡಿತು. ಅರಮನೆ ಬಿಟ್ಟು ಓಡಿಬಂದ ರಾಜಕುಮಾರಿಗೆ ಸ್ಕೂಟರು ಒಂದು ದಿನದ ಬಿಡುಗಡೆ. ಕಾರ್ಖಾನೆಗೆ ಹೋಗುವ ಕಾರ್ಮಿಕನಿಗೆ ಅದೇ ಸ್ಕೂಟರು ದಿನದ ದುಡಿಮೆಯ ಗಾಡಿ. ಚಿತ್ರಕ್ಕೆ ಬಂದವಳು ರಾಜಕುಮಾರಿ. ಕ್ಯಾಲೆಂಡರುಗಳಲ್ಲಿ ಅರೆಬಟ್ಟೆಯ ಚೆಲುವೆಯರು ಸ್ಕೂಟರಿಗೆ ಒರಗಿ ನಿಂತರು. ಲ್ಯಾಂಬ್ರೆಟ್ಟಾದ ಪ್ರಚಾರಕ್ಕೆ ಹಾಲಿವುಡ್ಡಿನ ಜೇನ್ ಮ್ಯಾನ್ಸ್‌ಫೀಲ್ಡ್ ಬಂದಳು. 1960ರ ದಶಕದ ಕೊನೆಗೆ ವೆಸ್ಪಾ ಜಾಹೀರಾತು 'ವೆಸ್ಪಾದವರು ಸೇಬು ತಿನ್ನುತ್ತಾರೆ' ಅಂತ ಸಾರಿತು. ಗಾಡಿಯ ಬೆಲೆಯಿಲ್ಲ, ಮೈಲೇಜಿಲ್ಲ, ಸೇಬು! ತಿನ್ನಬಾರದ ಹಣ್ಣನ್ನು ತಿಂದ ಆದಮ್ ಈವರ ನೆನಪನ್ನು ಕೆಣಕಿ, ಹೊಸ ಪ್ರಾಯದವರನ್ನು ಕರೆದ ಚಾಲಾಕಿ ಮಾತು ಅದು. ಈಗ ಪೊಂಟೆಡೇರಾದಲ್ಲಿ ಇದಕ್ಕೆಲ್ಲ ಒಂದು ಮ್ಯೂಸಿಯಂ ಇದೆ, 2000ದಲ್ಲಿ ತೆರೆದದ್ದು.

ಆದರೂ ಒಂದು ಮಾತನ್ನು ಒಪ್ಪಬೇಕು. ಇಟಲಿಯ ಆ ಹಳೇ ಚಿತ್ರಗಳಲ್ಲಿ ಹ್ಯಾಂಡಲ್ ಹಿಡಿದ ಹೆಂಗಸರು ಇದ್ದಾರೆ. ತಾವೇ ಗಾಡಿ ಓಡಿಸುತ್ತಿದ್ದಾರೆ. ಸ್ಕೂಟರು ನಮ್ಮ ದೇಶಕ್ಕೆ ಬಂದಾಗ ಆ ಹೆಂಗಸು ಹಿಂದಿನ ಸೀಟಿಗೆ ಹೋದಳು.

ನಮ್ಮಲ್ಲಿ ಲ್ಯಾಂಬ್ರೆಟ್ಟಾವನ್ನು ಬೊಂಬಾಯಿಯ ಎ.ಪಿ.ಐ. ಕಂಪನಿ ಜೋಡಿಸಿತು. ವೆಸ್ಪಾವನ್ನು ಬಜಾಜ್ ಮೊದಲು ಹೊರಗಿನಿಂದ ತರಿಸಿ ಮಾರಿತು, 1960ರ ದಶಕದಲ್ಲಿ ಪಿಯಾಜಿಯೋ ಪರವಾನಗಿ ಪಡೆದು ತಾನೇ ತಯಾರಿಸಿತು. ಆ ಒಪ್ಪಂದ 1971ರಲ್ಲಿ ಮುಗಿಯಿತು. 1972ರಲ್ಲಿ ಚೇತಕ್ ಬಂತು. ಅದೇ ವರ್ಷ ಲಖನೌದಲ್ಲಿ ಸರ್ಕಾರದ ಸ್ಕೂಟರ್ಸ್ ಇಂಡಿಯಾ ಕಂಪನಿ ಹುಟ್ಟಿತು, ಇನ್ನೋಚೆಂಟಿಯ ಯಂತ್ರಗಳನ್ನೇ ಇಟಲಿಯಿಂದ ತಂದು ವಿಜಯ್ ಸೂಪರ್ ಮಾಡಿತು. ಆ ಸರ್ಕಾರಿ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2021ರಲ್ಲಿ ಒಪ್ಪಿಗೆ ಕೊಟ್ಟಿತು.

ಈಗ ಒಂದು ಪ್ರಶ್ನೆ. ಆ ಲೈಸೆನ್ಸ್ ಕಾಲದಲ್ಲಿ ಕಾರ್ಖಾನೆ ಎಷ್ಟು ಗಾಡಿ ಮಾಡಬೇಕು ಅಂತ ಸರ್ಕಾರ ಹೇಳುತ್ತಿತ್ತು. ಬೇಕೆನ್ನುವವರು ಲಕ್ಷಾಂತರ, ಸಿಗುವ ಗಾಡಿ ಕೆಲವೇ. ಹೆಸರು ಬರೆಸಿ ಹತ್ತು ವರ್ಷ ಕಾದವರಿದ್ದಾರೆ. ಸರದಿ ಬಂದ ಚೀಟಿಯನ್ನೇ ಹೆಚ್ಚಿನ ದುಡ್ಡಿಗೆ ಮಾರಿಕೊಂಡವರಿದ್ದಾರೆ. ಮಾಡಿದ್ದೆಲ್ಲ ಮಾರಿಹೋಗುವಾಗ ಜಾಹೀರಾತು ಯಾಕೆ ಬೇಕಿತ್ತು? ಕ್ಯಾಲೆಂಡರು, ಡೈರಿ, ಕೀಚೈನು ಯಾಕೆ ಹಂಚಬೇಕಿತ್ತು?

ನಮಗೆ ತೋಚುವ ಉತ್ತರ ಇದು. ಇಟಲಿಯ ಜಾಹೀರಾತು 'ಕೊಂಡುಕೋ' ಅಂದಿತು, ನಮ್ಮ ಜಾಹೀರಾತು 'ಕಾಯುತ್ತಿರು' ಅಂದಿತು. ಸ್ಕೂಟರು ಸಿಗುವ ತನಕ ಸ್ಕೂಟರಿನ ಚಿತ್ರ ಸಿಗುತ್ತಿತ್ತು. ಅದೂ ಎಲ್ಲರಿಗಲ್ಲ. ಕಂಪನಿಯ ಕ್ಯಾಲೆಂಡರು ಯಾರ ಗೋಡೆಗೆ ಹೋಯಿತು? ಡೀಲರನ ಗೆಳೆಯರಿಗೆ, ಬ್ಯಾಂಕಿನ ಮ್ಯಾನೇಜರಿಗೆ, ಆರ್.ಟಿ.ಓ. ಕಛೇರಿಯವರಿಗೆ, ಗುತ್ತಿಗೆದಾರರಿಗೆ. ಸಾಲಿನಲ್ಲಿ ಹೆಸರು ಬರೆಸಬಲ್ಲವರ ಗೋಡೆ ಅದು. ಸಾಲಿನಲ್ಲಿ ನಿಲ್ಲುವುದಕ್ಕೂ ಒಂದು ಅರ್ಹತೆ ಬೇಕು ಗೆಳೆಯರೆ. ಮುಂಗಡ ಕಟ್ಟಲು ದುಡ್ಡು, ಅರ್ಜಿ ತುಂಬಲು ಅಕ್ಷರ, ಹತ್ತು ವರ್ಷ ಅದೇ ವಿಳಾಸದಲ್ಲಿ ಇರುತ್ತೇನೆಂಬ ಧೈರ್ಯ. ಇವತ್ತು ಹಳೇ ಕಾಲದ ಕಷ್ಟವನ್ನು ಪ್ರೀತಿಯಿಂದ ನೆನೆಯುವವರು 'ನಾವೆಲ್ಲ ಹತ್ತು ವರ್ಷ ಕಾದೆವು' ಅನ್ನುತ್ತಾರೆ. ನಮ್ಮ ತಾತ ಕಾಯಲಿಲ್ಲ. ಆ ಸಾಲಿನಲ್ಲೇ ಅವನಿರಲಿಲ್ಲ.

ತಾತ ಇದ್ದದ್ದು ಬೇರೆ ಕಡೆ. ತಾಲ್ಲೂಕು ಪೇಟೆಯ ಸ್ಕೂಟರು ಅಂಗಡಿಯೊಂದರಲ್ಲಿ ಗೋಣಿಚೀಲ, ಮರದ ಪೆಟ್ಟಿಗೆ ಹೊರುವ ಕೆಲಸ ಅವನದು. ಸಾಹುಕಾರರು ಅಂಗಡಿ ಬದಲಾಯಿಸಿದಾಗ ಸಾಮಾನೆಲ್ಲ ಹೊತ್ತು ಸಾಗಿಸಿದ. ಎರಡು ದಿನದ ಕೂಲಿ. ದುಡ್ಡಿಗೆ ಬದಲು 'ಇದನ್ನ ತಕ್ಕೊಂಡು ಹೋಗೋ' ಅಂತ ಹಳೇ ಬೋರ್ಡು ಕೊಟ್ಟರು. ತಾತ ತಲೆಯ ಮೇಲೆ ಹೊತ್ತು ಏಳು ಮೈಲಿ ನಡೆದು ಬಂದ. ಸ್ಕೂಟರನ್ನು ಹೊತ್ತುಕೊಂಡು ಮನೆಗೆ ಬಂದವನು ನಮ್ಮ ಕೇರಿಯಲ್ಲಿ ಅವನೊಬ್ಬನೇ ಅಂತ ಅವ್ವ ಈಗಲೂ ನಗುತ್ತಾಳೆ. ಒಳ್ಳೆಯ ತಗಡು ಅದು, ಎನಾಮಲ್ಲಿನದು. ಕಬ್ಬಿಣದ ಹಾಳೆಯ ಮೇಲೆ ಗಾಜಿನ ಪುಡಿ ಹಾಕಿ ಕುಲುಮೆಯಲ್ಲಿ ಸುಟ್ಟು ಹಿಡಿಸಿದ ಬಣ್ಣ. ಬಿಸಿಲಿಗೆ ಮಾಸುವುದಿಲ್ಲ, ನೀರಿಗೆ ಬೇಗ ತುಕ್ಕು ಹಿಡಿಯುವುದಿಲ್ಲ. ಬಚ್ಚಲಿಗೆ ಹೇಳಿ ಮಾಡಿಸಿದ ಹಾಗೆ. ಅದನ್ನು ಮಾಡಿದವರಿಗೆ ಈ ಉಪಯೋಗ ಹೊಳೆದಿರಲಿಲ್ಲ.

ಆ ಚಿತ್ರದ ಸಂಸಾರವನ್ನೇ ನೋಡೋಣ. ನಮ್ಮ ದೇಶದ ಸ್ಕೂಟರು ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಬರುವ ಸಂಸಾರ ಅದು. ಗಂಡ ಓಡಿಸುತ್ತಾನೆ. ಮಗ ಮುಂದೆ ನಿಲ್ಲುತ್ತಾನೆ. ಹೆಂಡತಿ ಎರಡೂ ಕಾಲು ಒಂದೇ ಕಡೆ ಇಟ್ಟು ಕೂರುತ್ತಾಳೆ, ಮಡಿಲಲ್ಲಿ ಇನ್ನೊಂದು ಕೂಸು. ಅತ್ತೆ ಮಾವನಿಗೆ ಜಾಗವಿಲ್ಲ, ಹುಲ್ಲಿನ ಹೊರೆಗೆ ಜಾಗವಿಲ್ಲ. 'ನಾವಿಬ್ಬರು, ನಮಗಿಬ್ಬರು' ಅಂತ ಸರ್ಕಾರ ಗೋಡೆಗೋಡೆಗೆ ಬರೆಸಿದ ಕಾಲವೂ ಅದೇ. ಸರ್ಕಾರದ ಸಂಸಾರವೂ ಸ್ಕೂಟರಿನ ಸಂಸಾರವೂ ಒಂದೇ ಅಳತೆಯವು. ಇಬ್ಬರೂ ಬಯಸಿದ್ದು ಸಂಬಳದ ಮನೆಯನ್ನು. ಸ್ಕೂಟರು ಮದುವೆ ಮಾರುಕಟ್ಟೆಗೂ ಇಳಿಯಿತು. 1961ರಲ್ಲೇ ವರದಕ್ಷಿಣೆ ನಿಷೇಧ ಕಾಯಿದೆ ಬಂದಿತ್ತು. ಆದರೂ 'ಹುಡುಗನಿಗೊಂದು ಸ್ಕೂಟರು' ಎಂಬ ಮಾತು ಹೆಣ್ಣು ಹೆತ್ತವರ ಎದೆ ಒಡೆಯಿತು. ಹಿಂದಿನ ಸೀಟಿನಲ್ಲಿ ನಗುತ್ತ ಕೂತವಳ ಅಪ್ಪನೇ ಆ ಗಾಡಿಯ ಸಾಲ ತೀರಿಸುತ್ತಿರಬಹುದು ಅಂತ ಯಾವ ಜಾಹೀರಾತೂ ಹೇಳಲಿಲ್ಲ.

ಇನ್ನು 1989ಕ್ಕೆ ಬರೋಣ. ದೂರದರ್ಶನದಲ್ಲಿ 'ಹಮಾರಾ ಬಜಾಜ್' ಬಂದ ವರ್ಷ. ಲಿಂಟಾಸ್ ಸಂಸ್ಥೆಯ ಕೆಲಸ ಅದು. ಆಗ ಅದರ ಮುಖ್ಯಸ್ಥರಾಗಿದ್ದವರು ಅಲೀಕ್ ಪದಮ್ಸೀ, 'ಗಾಂಧಿ' ಸಿನಿಮಾದಲ್ಲಿ ಜಿನ್ನಾ ಪಾತ್ರ ಮಾಡಿದವರು. ಬೇರೆ ಬೇರೆ ಧರ್ಮದ, ಪ್ರಾಂತ್ಯದ ಮನೆಗಳು. ಎಲ್ಲರಿಗೂ ಒಂದು ಸ್ಕೂಟರು. ಗಾಡಿಯನ್ನು ಒರೆಸುತ್ತಾರೆ, ಮುದ್ದಿಸುತ್ತಾರೆ, ಮನೆಯವರ ಹಾಗೆ ನೋಡಿಕೊಳ್ಳುತ್ತಾರೆ. ಕೆಲಸಗಾರಿಕೆಯ ದೃಷ್ಟಿಯಿಂದ ಒಳ್ಳೆಯ ಜಾಹೀರಾತು, ಅದರಲ್ಲಿ ಎರಡು ಮಾತಿಲ್ಲ. ಗಾಡಿಯ ಗುಣವನ್ನು ವರ್ಣಿಸಲಿಲ್ಲ. ಗಾಡಿಯನ್ನೇ ದೇಶ ಮಾಡಿತು. ಯಾಕೆ ಹಾಗೆ ಮಾಡಬೇಕಾಯಿತು ಅಂದರೆ, ಕಾಲ ಬದಲಾಗಿತ್ತು. 1984ರಲ್ಲಿ ಕೈನೆಟಿಕ್ ಹೋಂಡಾ, 1985ರಲ್ಲಿ ಹೀರೋ ಹೋಂಡಾ ಬಂದಿದ್ದವು. ಗುಂಡಿ ಒತ್ತಿದರೆ ಓಡುವ, ಗೇರಿಲ್ಲದ ಜಪಾನಿ ಗಾಡಿಯ ಮುಂದೆ, ಬೆಳಗಿನ ಹೊತ್ತು ಪಕ್ಕಕ್ಕೆ ವಾಲಿಸಿ ಒದೆಯಬೇಕಾದ ಗಾಡಿ ನಿಲ್ಲಬೇಕಿತ್ತು. ಯಂತ್ರದಲ್ಲಿ ಗೆಲ್ಲುವುದು ಕಷ್ಟವಾದಾಗ 'ನಮ್ಮದು' ಎಂಬ ಮಾತನ್ನು ಮುಂದೆ ಬಿಟ್ಟರು. ಅದರ ಮೈಕಟ್ಟು ಇಟಲಿಯದು ಅನ್ನುವುದು ಹಾಡಿನ ಸದ್ದಿನಲ್ಲಿ ಮರೆತೇ ಹೋಯಿತು.

'ಹಮಾರಾ' ಅಂದರೆ ನಮ್ಮದು. ಯಾರದು? ಆ ಜಾಹೀರಾತಿನಲ್ಲಿ ಧರ್ಮ ಕಾಣುತ್ತದೆ, ಭಾಷೆ ಕಾಣುತ್ತದೆ, ಪ್ರಾಂತ್ಯ ಕಾಣುತ್ತದೆ. ಜಾತಿ ಕಾಣುವುದಿಲ್ಲ. ಉಡುಪಿನಲ್ಲಿ ತೋರಿಸಬಹುದಾದ ವ್ಯತ್ಯಾಸಗಳಿಗೆಲ್ಲ ಜಾಗ ಕೊಟ್ಟು, ಊರು ಮತ್ತು ಕೇರಿಯ ನಡುವಿನ ವ್ಯತ್ಯಾಸವನ್ನು ಮಾತ್ರ ಬಿಟ್ಟರು. ಬೇಕೆಂದೇ ಬಿಟ್ಟರು ಅಂತ ನಾವು ಆರೋಪ ಹೊರಿಸುವುದಿಲ್ಲ. ಅವರಿಗೆ ಅದು ಕಂಡೇ ಇರಲಿಲ್ಲ. ಕಾಣದಿರುವುದೇ ನಮ್ಮ ತಕರಾರು.

ಆ ಸ್ಕೂಟರಿನ ಹೆಸರನ್ನೇ ನೋಡಿ. ಚೇತಕ್. 1576ರ ಹಲ್ದಿಘಾಟಿ ಯುದ್ಧದಲ್ಲಿ ರಾಣಾ ಪ್ರತಾಪನನ್ನು ಹೊತ್ತ ಕುದುರೆ. ವೀರನ ಹೆಸರಲ್ಲ, ವೀರನನ್ನು ಹೊತ್ತದ್ದರ ಹೆಸರು, ಆ ಮಟ್ಟಿಗೆ ಒಳ್ಳೆಯ ಆಯ್ಕೆ. ಆದರೆ ಈ ದೇಶದಲ್ಲಿ ಕುದುರೆ ಬರೀ ಪ್ರಾಣಿಯಲ್ಲ. ದಲಿತ ಮದುಮಗ ಕುದುರೆ ಏರಿದ್ದಕ್ಕೆ ಕಲ್ಲು ಬಿದ್ದ ಸುದ್ದಿ ರಾಜಸ್ಥಾನದಿಂದ, ಗುಜರಾತಿನಿಂದ, ಮಧ್ಯಪ್ರದೇಶದಿಂದ ಇವತ್ತಿಗೂ ಬರುತ್ತಿರುತ್ತದೆ. ಪೊಲೀಸ್ ಕಾವಲಿನಲ್ಲಿ ಕುದುರೆ ಏರಿದ ಮದುಮಗರಿದ್ದಾರೆ. ಯಾರು ಏರಬೇಕು, ಯಾರು ಇಳಿಯಬೇಕು ಎಂಬುದೇ ಜಗಳವಾದ ದೇಶದಲ್ಲಿ ಸ್ಕೂಟರಿಗೆ ಕುದುರೆಯ ಹೆಸರಿಟ್ಟು 'ನಮ್ಮೆಲ್ಲರದು' ಅಂದರೆ, ಕೇಳುವವರು ಒಂದು ಗಳಿಗೆ ನಿಂತು ಯೋಚಿಸಬೇಕಲ್ಲವೆ?

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಎರಡು ಪ್ರಯಾಣಗಳನ್ನು ಹೇಳಿದ್ದಾರೆ. ಒಂದು 1901ರದು. ಹುಡುಗ ಭೀಮರಾವ್ ಮನೆಯ ಬೇರೆ ಮಕ್ಕಳ ಜೊತೆ ಅಪ್ಪನನ್ನು ಕಾಣಲು ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದ. ಮಹಾರ್ ಮಕ್ಕಳೆಂದು ತಿಳಿದದ್ದೇ ತಡ, ಯಾವ ಗಾಡಿಯವನೂ ಒಪ್ಪಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು, ಮಕ್ಕಳೇ ಗಾಡಿ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ ಎಂಬ ಕರಾರಿನ ಮೇಲೆ ಹೊರಟರು. ಇನ್ನೊಂದು 1929ರದು. ಹೊತ್ತಿಗೆ ಅವರು ವಿದೇಶದಲ್ಲಿ ಓದಿ ಬಂದ ಬ್ಯಾರಿಸ್ಟರು, ಸರ್ಕಾರಿ ಸಮಿತಿಯ ಸದಸ್ಯರು. ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವನು ಅವರನ್ನು ಕೂರಿಸಿಕೊಂಡು ಓಡಿಸುವುದು ತನ್ನ ಘನತೆಗೆ ಕಡಿಮೆ ಅಂದ. ಕೇರಿಯ ಜನ ಅವರನ್ನು ನಡೆಸಲು ಮನಸ್ಸಾಗದೆ, ಟಾಂಗಾ ಮಾತ್ರ ಪಡೆದು, ಓಡಿಸಿ ಗೊತ್ತಿಲ್ಲದ ಒಬ್ಬನ ಕೈಗೆ ಲಗಾಮು ಕೊಟ್ಟರು. ಮೋರಿಯ ಹತ್ತಿರ ಚಕ್ರ ಸಿಕ್ಕಿಕೊಂಡಿತು. ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಬಿದ್ದು ಕಾಲು ಮುರಿಯಿತು.

ಇದನ್ನು ಓದಿದ ಮೇಲೆ ನಮಗೆ ಸ್ಕೂಟರಿನ ಒಂದು ಗುಣ ಹೊಳೆಯಿತು. ಐವತ್ತು ವರ್ಷದ ಜಾಹೀರಾತುಗಳಲ್ಲಿ ನಾವು ನೋಡಿದ ಯಾವುದರಲ್ಲೂ ಅದು ಇಲ್ಲ. ಸ್ಕೂಟರಿಗೆ ಟಾಂಗಾದವನು ಬೇಡ. ಯಾರ ಒಪ್ಪಿಗೆಯೂ ಬೇಡ. ಕೀಲಿ ನಿನ್ನ ಕೈಯಲ್ಲಿದ್ದರೆ ನೀನೇ ಹೊರಡಬಹುದು. ಯಾವನ ಪಕ್ಕ ಕೂತೆ, ಯಾವ ಗಾಡಿ ಮೈಲಿಗೆಯಾಯಿತು ಎಂಬ ಪ್ರಶ್ನೆ ಇಲ್ಲ. ಜಾಹೀರಾತಿನವರು ಮೈಲೇಜು ಮಾರಿದರು, ಸೊಗಸು ಮಾರಿದರು, ಸಂಸಾರ ಮಾರಿದರು, ಕೊನೆಗೆ ದೇಶವನ್ನೂ ಮಾರಿದರು. ಆ ಗಾಡಿಯಲ್ಲಿದ್ದ ನಿಜವಾದ ಬಿಡುಗಡೆ ಅವರ ಕಣ್ಣಿಗೆ ಬೀಳಲಿಲ್ಲ. ಆ ಬಿಡುಗಡೆ ಬೇಕಿದ್ದವರು ಅವರ ಗಿರಾಕಿಗಳಾಗಿರಲಿಲ್ಲ.

ಬಿಡುಗಡೆ ಪೂರ್ತಿ ಬಂತೆ? ನಮ್ಮಪ್ಪ ನಾವು ಒಂದನೇ ತರಗತಿಯಲ್ಲಿದ್ದಾಗ ಹಳೇ ಸ್ಕೂಟರೊಂದನ್ನು ಕೊಂಡ. ಮೂರನೆಯ ಕೈ ಗಾಡಿ. ಜಾಹೀರಾತಿನ ಮಗುವಿನ ಹಾಗೆ ನಮ್ಮನ್ನು ಮುಂದೆ ನಿಲ್ಲಿಸಿಕೊಳ್ಳುತ್ತಿದ್ದ. ಊರ ಬೀದಿಯ ಒಂದು ಮನೆ ಹತ್ತಿರ ಬಂದರೆ ಎಂಜಿನ್ ಆರಿಸಿ, ಇಳಿದು, ಮಾರಿಗುಡಿಯ ತನಕ ತಳ್ಳಿಕೊಂಡು ಹೋಗುತ್ತಿದ್ದ. ಆಮೇಲೆ ವಾಲಿಸಿ ಒದ್ದು ಮತ್ತೆ ಹತ್ತುತ್ತಿದ್ದ. ಯಾಕಪ್ಪಾ ಅಂತ ಕೇಳಿದರೆ 'ಪೆಟ್ರೋಲ್ ಉಳೀತದೆ ಕಣೋ ಮಗ' ಅನ್ನುತ್ತಿದ್ದ. ಆ ಮನೆಯ ಜಗಲಿ ಮೇಲೆ ಯಾರು ಕೂತಿರುತ್ತಿದ್ದರು ಅಂತ ಹೈಸ್ಕೂಲಿಗೆ ಬಂದ ಮೇಲೆ ಅರ್ಥವಾಯಿತು. ಅದೇ ವರ್ಷ ಅಪ್ಪನ ಕೈಯಿಂದ ಹ್ಯಾಂಡಲ್ ತೆಗೆದುಕೊಂಡು ನಾವೇ ಆ ಬೀದಿಯಲ್ಲಿ ಓಡಿಸಿದೆವು. ಅಪ್ಪ ಹಿಂದೆ ಕೂತಿದ್ದ. ನಮ್ಮ ಅಂಗಿಯನ್ನು ಬಿಗಿಯಾಗಿ ಹಿಡಿದಿದ್ದ. ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅನ್ನುವುದನ್ನು ಅಪ್ಪ ಆ ರಾತ್ರಿ ಅವ್ವನಿಗೆ ಮೂರು ಸಲ ಹೇಳಿದ.

ಗ್ರಾಮಾಂತರದಲ್ಲಿ ಪಾಠ ಹೇಳುವ ಗೆಳೆಯರಿಗೆ ಇನ್ನೊಂದು ಮಾತು. ನಮ್ಮ ರಸ್ತೆಗಳನ್ನು ನಿಜವಾಗಿ ಬದಲಿಸಿದ್ದು ಚೇತಕ್ ಅಲ್ಲ, ಮೊಪೆಡ್ಡು. 1972ರಲ್ಲಿ ಪುಣೆಯಿಂದ ಲೂನಾ, 1980ರಲ್ಲಿ ನಮ್ಮ ಗಡಿಯಾಚೆಯ ಹೊಸೂರಿನಿಂದ ಟಿ.ವಿ.ಎಸ್. 50. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಕೋಳಿ ಬುಟ್ಟಿ, ಗೊಬ್ಬರದ ಮೂಟೆ ಎಲ್ಲವೂ ಅದರ ಮೇಲೆ ಹೋಗುತ್ತವೆ. 1990ರ ದಶಕದಲ್ಲಿ ಸ್ಕೂಟಿ ಬಂತು. ಜಾಹೀರಾತಿನಲ್ಲಿ ಅದರ ಮೇಲೆ ಕೂತವಳು ಪಟ್ಟಣದ ಕಾಲೇಜು ಹುಡುಗಿ. ನಮ್ಮ ರಸ್ತೆಯಲ್ಲಿ ಕೂತವಳು ಅಂಗನವಾಡಿ ಟೀಚರು, ಆಶಾ ಕಾರ್ಯಕರ್ತೆ. ಹಿಂದಿನ ಸೀಟಿಗೆ ಹೋಗಿದ್ದವಳು ಮತ್ತೆ ಮುಂದೆ ಬಂದಳು. ಮಕ್ಕಳಿಗೆ ಜಾಹೀರಾತನ್ನು ಓದುವುದು ಹೇಳಿಕೊಡಿ. ಚಿತ್ರದಲ್ಲಿ ಯಾರಿದ್ದಾರೆ ಅಂತ ಕೇಳಿ. ಆಮೇಲೆ ಯಾರಿಲ್ಲ ಅಂತ ಕೇಳಿ. ಆಮೇಲೆ ಶಾಲೆಯ ಮುಂದಿನ ರಸ್ತೆಯಲ್ಲಿ ಯಾರು ಹೋಗುತ್ತಿದ್ದಾರೆ ನೋಡಿ ಬನ್ನಿ ಅನ್ನಿ. ವಿಮರ್ಶೆಯ ಮೊದಲ ಪಾಠ ಅಷ್ಟೇ.

ಬಜಾಜ್ 2009ರಲ್ಲಿ ಸ್ಕೂಟರು ಬಿಡುತ್ತೇನೆ ಅಂದಿತು, 2010ರಲ್ಲಿ ನಿಲ್ಲಿಸಿತು. 2020ರಲ್ಲಿ ಅದೇ ಚೇತಕ್ ಹೆಸರು ಬ್ಯಾಟರಿ ಗಾಡಿಯಾಗಿ ಪುಣೆ, ಬೆಂಗಳೂರಿಗೆ ಮೊದಲು ಬಂತು. ಗಾಡಿ ಹೋದರೂ ಹೆಸರು ಹೋಗಲಿಲ್ಲ, ಹೆಸರಿನ ಜೊತೆ ನೆನಪಿನ ವ್ಯಾಪಾರವೂ ಬೆಳೆಯಿತು. ಹೋಟೆಲುಗಳ ಗೋಡೆಯ ಮೇಲೆ ಹಳೇ ಬೋರ್ಡು ತೂಗುತ್ತಿವೆ. ಹೊಸ ತಗಡಿಗೆ ಸುಳ್ಳು ತುಕ್ಕು ಹಚ್ಚಿ ಹಳೆಯದೆಂದು ಮಾರುವವರೂ ಇದ್ದಾರೆ. ಕೂಡಿಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಕೂಡಿಡದಿದ್ದರೆ ಇದನ್ನೆಲ್ಲ ನಾವು ಓದುವುದಾದರೂ ಹೇಗೆ? ಆದರೆ ಕೂಡಿಡುವವರು ತಗಡಿನ ಮುಂಭಾಗವನ್ನು ಮಾತ್ರ ಕೂಡಿಡುತ್ತಾರೆ. ಅದನ್ನು ಯಾರು ಹೊತ್ತರು, ಯಾವ ಕೂಲಿಗೆ ಬದಲಾಗಿ ಬಂತು, ಆ ತೂತು ಯಾಕೆ ಬಿತ್ತು, ಇವು ಬೆಲೆ ಕಡಿಮೆ ಮಾಡುವ ಕುಂದುಗಳಾಗುತ್ತವೆ. ನಮಗೆ ಆ ಮೊಳೆಯ ತೂತೇ ಚರಿತ್ರೆ.

ಕಾರಿನವರಿಗೆ ಅವ್ವ ಏನು ಹೇಳಿದಳು ಅಂತ ಹೇಳಿ ಮುಗಿಸುತ್ತೇವೆ. ಅವರು ಮೂರನ್ನು ನಾಲ್ಕು ಸಾವಿರ ಮಾಡಿದರು. ನಮಗೆ ಆಗಲೇ ಒಳಗೊಳಗೆ ಸಿಟ್ಟು. ಮಾರುವುದಿಲ್ಲ, ಇದು ತಾತನ ಕೂಲಿ ಅಂತ ಭಾಷಣ ಮಾಡಲು ಬಾಯಿ ತೆರೆದಿದ್ದೆವು. ಅವ್ವ ಕೈಯೆತ್ತಿ ತಡೆದಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಕೇಳಿದಳು: 'ಇದ ಕಿತ್ಕೊಂಡೋದ್ರೆ ನಾ ಎಲ್ಲಿ ಮೈ ತೊಳೀಲಿ ಸಾಮಿ?'

ಅವರು ತಬ್ಬಿಬ್ಬಾದರು. 'ಒಂದು ಹೊಸ ಶೀಟು ತಂದುಕೊಡ್ತೀನಮ್ಮ' ಅಂದರು.

'ಶೀಟು ಬ್ಯಾಡಿ. ಗೋಡೆ ಕಟ್ಟಿಸ್ಕೊಡಿ. ನಾಕೂ ಕಡೆ, ಬಾಗ್ಲಿಟ್ಟು. ಆಮೇಲೆ ತಗಡಿನಕ್ಕನ್ನ ಕರ್ಕೊಂಡೋಗಿ, ನಂದೇನೂ ತಕರಾರಿಲ್ಲ.'

ನಮಗೆ ತಗಡು ಚರಿತ್ರೆ, ಅವರಿಗೆ ನೆನಪು. ಅವ್ವನಿಗೆ ಅದು ಮರೆ. ಮೂವರಲ್ಲಿ ಸರಿಯಾಗಿ ಓದಿದವಳು ಅವಳೇ ಅಂತ ನಮಗೆ ಅನ್ನಿಸಿದೆ. ಕಾರಿನವರು ವಿಚಾರ ಮಾಡಿ ಹೇಳುತ್ತೇನೆ ಅಂತ ನಂಬರು ಬರೆದುಕೊಂಡು ಹೋದರು. ಇನ್ನೂ ಬಂದಿಲ್ಲ. ಅವ್ವ ಮಾತ್ರ ಗೋಡೆಗೆ ಎಷ್ಟು ಇಟ್ಟಿಗೆ ಬೇಕು ಅಂತ ಮೇಸ್ತ್ರಿಯನ್ನು ಕೇಳಿ ಲೆಕ್ಕ ಇಟ್ಟುಕೊಂಡಿದ್ದಾಳೆ. ಅವರು ಬರದಿದ್ದರೆ ನಾವೇ ಕಟ್ಟುತ್ತೇವೆ.